ಲೇಹ್‌ಗೆ ಹೊರಡುವ ಮುಂಚಿನ ಎತ್ತರದ ಲೆಕ್ಕ

ಕೊಡಗಿನಲ್ಲಿ ರೈಲಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇರೋದರಿಂದ ಈ ಮಾತನ್ನು ಫೋನಿನಲ್ಲಿ ಹೇಳಿ ಹೇಳಿ ನನಗೆ ಬಾಯಿಪಾಠ ಆಗಿದೆ. ಬೆಂಗಳೂರು ಏರ್‌ಪೋರ್ಟಿನಲ್ಲಿ ಇಳಿದವರು ಮ್ಯಾಪ್ ನೋಡಿಕೊಂಡು "ಊಟದ ಹೊತ್ತಿಗೆ ಬಂದುಬಿಡ್ತೀವಿ" ಅನ್ನುತ್ತಾರೆ. ಯಾವ ಊಟ ಅಂತ ನಾನು ಕೇಳಲು ಹೋಗುವುದಿಲ್ಲ. ಮೈಸೂರು ದಾಟಿ, ಹುಣಸೂರು, ಪಿರಿಯಾಪಟ್ಟಣ ಕಳೆದು ಕುಶಾಲನಗರಕ್ಕೆ ಬರುವಷ್ಟರಲ್ಲಿ ಅವರಿಗೇ ಗೊತ್ತಾಗುತ್ತದೆ. ಕಣ್ಣೂರಿನಲ್ಲಿ ಇಳಿಯುವವರದ್ದು ಇನ್ನೊಂದು ಕಥೆ. 2018ರ ಡಿಸೆಂಬರ್‌ನಲ್ಲಿ ಮಟ್ಟನ್ನೂರಿನ ಆ ನಿಲ್ದಾಣ ಶುರುವಾದ ಮೇಲೆ ವಿರಾಜಪೇಟೆ ಕಡೆಯವರಿಗೆ ತುಂಬಾ ಅನುಕೂಲ ಆಯಿತು, ನಿಜ. ಆದರೆ ಜೋರು ಮಳೆಯಲ್ಲಿ ಮಾಕುಟ್ಟ ಘಾಟಿ ಹತ್ತಿ ಬರುವಾಗ ಕಿಲೋಮೀಟರ್ ಲೆಕ್ಕ ಕೆಲಸಕ್ಕೆ ಬರಲ್ಲ.

ಇಷ್ಟೆಲ್ಲ ಗೊತ್ತಿದ್ದವಳಿಗೆ ಬೇರೆ ಬೆಟ್ಟದ ಊರಿಗೆ ಹೋಗುವ ಏರ್ಪಾಡು ಮಾಡೋದು ಏನು ಮಹಾ ಅಂತ ಮನೆಯವರೆಲ್ಲ ಸೇರಿ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಊರು ಲಡಾಖಿನ ಲೇಹ್. ಹೋಗಬೇಕು ಅಂದವರು ಮಾವ.

ಮಾವ ಸೇನೆಯಲ್ಲಿದ್ದವರು. ವಯಸ್ಸು ಎಪ್ಪತ್ತು ದಾಟಿದೆ. ಲೇಹ್ ಅವರಿಗೆ ಹೊಸದಲ್ಲ, ಅಲ್ಲಿ ಕೆಲಸ ಮಾಡಿದ್ದಾರೆ. ಆದರೆ ಆಗ ಹೋಗಿದ್ದೂ ಬಂದಿದ್ದೂ ಚಂಡೀಗಢದಿಂದ ಸೇನೆಯ ವಿಮಾನದಲ್ಲಿ. ರಸ್ತೆ ನೋಡಿಲ್ಲ. ಅದರಲ್ಲೂ ಶ್ರೀನಗರದಿಂದ ಲೇಹ್‌ಗೆ ಹೋಗುವಾಗ ಬೆಟ್ಟ ದಾಟುವ ಕಣಿವೆದಾರಿ ಜೋಜಿಲಾ ನೋಡಿಲ್ಲ ಅನ್ನೋದು ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಅವರ ಮನೆ 'ಸನ್ನಿ ಸೈಡ್' 2021ರಲ್ಲಿ ಮ್ಯೂಸಿಯಂ ಆಯಿತಲ್ಲ, ಅದನ್ನು ನೋಡಿ ಬಂದ ಮೇಲಂತೂ ಇದೇ ಮಾತು. ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ 1948ರ ನವೆಂಬರ್ 1ರಂದು ತಿಮ್ಮಯ್ಯ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ್ದು ಕೊಡಗಿನ ಮಕ್ಕಳಿಗೆಲ್ಲ ಗೊತ್ತಿರುವ ಕಥೆ. ಏಳನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು. ಅವು ಹತ್ತೋಕೆ ದಾರಿ ಕಡಿದವರು ಸೇನೆಯ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್. "ಟ್ಯಾಂಕ್ ಹೋದ ಜಾಗಕ್ಕೆ ನಾನು ಕಾರಲ್ಲಿ ಹೋಗೋಕಾಗಲ್ವಾ?" ಅಂತ ಮಾವ ಕೇಳಿದರೆ ಎದುರು ಮಾತಾಡೋದು ಕಷ್ಟ.

ನಮ್ಮವರು ವಿಮಾನದ ಪಕ್ಷ. "ಅಪ್ಪನ ವಯಸ್ಸಿಗೆ ಆ ರಸ್ತೆಯಲ್ಲಿ ಕುಲುಕಾಡಿಸಿಕೊಂಡು ಹೋಗೋದು ಯಾಕೆ? ದೆಹಲಿಯಲ್ಲಿ ವಿಮಾನ ಹತ್ತಿದರೆ ಒಂದೂವರೆ ಗಂಟೆಯೊಳಗೆ ಲೇಹ್" ಅಂದರು. ಅಂದವರು ತಾವು ಬರುವವರಲ್ಲ. ಮಳೆ ಕಡಿಮೆಯಾದ ಮೇಲೆ ತೋಟಕ್ಕೆ ಗೊಬ್ಬರ ಹಾಕಿಸಬೇಕು, ಯಾರಾದರೂ ಇರಲೇಬೇಕು. ಹಾಗಾಗಿ ಹೊರಡೋರು ಮಾವ, ಅತ್ತೆ, ನಾನು ಮತ್ತು ಕಾಲೇಜಿಗೆ ಹೋಗುವ ನಮ್ಮ ಮಗ.

ಮೊದಲು ಯಾವಾಗ ಅನ್ನೋದು ತೀರ್ಮಾನ ಆಗಬೇಕಿತ್ತು. ಲೇಹ್‌ನ ರಸ್ತೆಗಳು ಚೆನ್ನಾಗಿ ತೆರೆದಿರುವ ತಿಂಗಳುಗಳು ಜೂನ್‌ನಿಂದ ಸೆಪ್ಟೆಂಬರ್. ಅದು ಸರಿಯಾಗಿ ನಮ್ಮ ಮಳೆಗಾಲ. ಜೂನ್, ಜುಲೈನಲ್ಲಿ ಮನೆ ಬಿಟ್ಟು ಹೋಗುವ ಮಾತೇ ಇಲ್ಲ. ಯಾವ ಗುಡ್ಡದ ಬರೆ ಯಾವಾಗ ಜಾರುತ್ತೋ, ಯಾವ ಮರ ಕರೆಂಟಿನ ತಂತಿ ಮೇಲೆ ಬೀಳುತ್ತೋ ಗೊತ್ತಿಲ್ಲ. ಮಳೆ ಜೋರಾಗಿರುವ ಕಕ್ಕಡ ತಿಂಗಳು ಕಳೆಯಬೇಕು, ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಆಗಬೇಕು, ಆಮೇಲೆ ಉಸಿರಾಡಲು ಪುರುಸೊತ್ತು. ಅಕ್ಟೋಬರ್‌ನಲ್ಲಿ ದಸರಾ ಅಂದರೆ ಹೋಂಸ್ಟೇ ತುಂಬಿರುತ್ತದೆ. ನವೆಂಬರ್ ಹೊತ್ತಿಗೆ ಅರೇಬಿಕಾ ಕಾಫಿ ಹಣ್ಣಾಗುತ್ತೆ, ಜೊತೆಗೆ ಜೋಜಿಲಾದಲ್ಲಿ ಹಿಮ. ಕೂಡಿ ಕಳೆದು ನೋಡಿದರೆ ನಮಗೆ ಉಳಿದದ್ದು ಗಣೇಶನನ್ನು ಕಳಿಸಿದ ಮೇಲಿನ ಸೆಪ್ಟೆಂಬರ್ ಮಾತ್ರ. ಅದು 2024. ಆ ವರ್ಷ ಜಮ್ಮು-ಕಾಶ್ಮೀರದಲ್ಲಿ ಹತ್ತು ವರ್ಷದ ಮೇಲೆ ವಿಧಾನಸಭೆ ಚುನಾವಣೆ, ಶ್ರೀನಗರದಲ್ಲಿ ಮತದಾನ 25ಕ್ಕೆ ಇತ್ತು. ಅದಕ್ಕೂ ಮೊದಲೇ ಆ ಕಡೆ ದಾಟಿಕೊಂಡುಬಿಡಬೇಕು ಅಂತ ತಾರೀಖು ಹಿಡಿದೆ.

ಆಮೇಲೆ ಶುರುವಾಯಿತು ವಿಮಾನವೋ ರಸ್ತೆಯೋ ಅನ್ನುವ ಚರ್ಚೆ. ನಾನು ಮಗನ ಹಳೇ ನೋಟ್‌ಬುಕ್ ಒಂದನ್ನು ತೆಗೆದು ಕಿಲೋಮೀಟರ್ ಬರೆಯುವ ಬದಲು ಎತ್ತರ ಬರೆಯುತ್ತಾ ಹೋದೆ. ಮಡಿಕೇರಿ ಸುಮಾರು 1,150 ಮೀಟರ್. ನಮ್ಮ ಜಿಲ್ಲೆಯ ಅತಿ ಎತ್ತರದ ತಡಿಯಂಡಮೋಳ್ 1,748. ಲೇಹ್ ಪಟ್ಟಣ 3,500. ಅಂದರೆ ಒಂದು ತಡಿಯಂಡಮೋಳ್ ಮೇಲೆ ಇನ್ನೊಂದು ತಡಿಯಂಡಮೋಳ್ ಇಟ್ಟು, ಅದರ ನೆತ್ತಿಯಲ್ಲಿ ಸಂತೆ, ಶಾಲೆ, ಆಸ್ಪತ್ರೆ ಎಲ್ಲ ಕಟ್ಟಿದ ಹಾಗೆ. ಇದನ್ನು ಹೇಳಿದ ಮೇಲೆಯೇ ಅತ್ತೆಗೆ ವಿಷಯ ಅರ್ಥ ಆಗಿದ್ದು. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟೇ. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಷ್ಟು ಕಡಿಮೆ. ವಿಮಾನದಲ್ಲಿ ಹೋದರೆ ಬೆಳಗ್ಗೆ ದೆಹಲಿಯ ಬಯಲಿನಲ್ಲಿದ್ದವರು ತಿಂಡಿ ಹೊತ್ತಿಗೆ ಅಲ್ಲಿರುತ್ತಾರೆ. ದೇಹಕ್ಕೆ ಹೇಳಲೂ ಇಲ್ಲ ಕೇಳಲೂ ಇಲ್ಲ.

"ಸೇನೆಯಲ್ಲಿ ನಮ್ಮನ್ನ ವಿಮಾನದಲ್ಲೇ ಇಳಿಸ್ತಿದ್ರು, ಆದ್ರೆ ಇಳಿದ ಮೇಲೆ ಆರು ದಿನ ಕೆಲಸ ಕೊಡ್ತಿರಲಿಲ್ಲ" ಅಂದರು ಮಾವ. "ಮೊದಲ ಎರಡು ದಿನ ಸುಮ್ನೆ ಬಿದ್ದುಕೊಂಡಿರಬೇಕು. ಆಮೇಲೆ ಸ್ವಲ್ಪ ಸ್ವಲ್ಪ ನಡೆಸ್ತಿದ್ರು." ಅದಕ್ಕಿಂತ ಮೇಲಿನ ಠಾಣೆಗೆ ಹೋಗೋದಾದರೆ ಮತ್ತೆ ನಾಲ್ಕು ದಿನ, ಇನ್ನೂ ಮೇಲಾದರೆ ಇನ್ನೂ ನಾಲ್ಕು. ಗಟ್ಟಿಮುಟ್ಟಾದ ಹುಡುಗರಿಗೇ ಹೀಗೆ.

ಅದೇ ವಾರ ಒಬ್ಬ ಟ್ರಾವೆಲ್ ಏಜೆಂಟ್ ಫೋನಿನಲ್ಲಿ ಪ್ಯಾಕೇಜ್ ಓದಿ ಹೇಳಿದ. ಮೊದಲ ದಿನ ವಿಮಾನ ಇಳಿದು ವಿಶ್ರಾಂತಿ, ಮರುದಿನ ಊರು ಸುತ್ತೋದು, ಅದರ ಮರುದಿನ 5,359 ಮೀಟರ್ ಎತ್ತರದ ಖಾರ್ದುಂಗ್ ಲಾ ದಾಟಿ ನುಬ್ರಾ, ಆಮೇಲೆ ಪ್ಯಾಂಗಾಂಗ್ ಸರೋವರದ ದಡದಲ್ಲಿ ಟೆಂಟು. ಎಪ್ಪತ್ತು ದಾಟಿದವರಿದ್ದಾರೆ ಅಂದೆ. "ಏನೂ ಆಗಲ್ಲ ಮೇಡಂ, ಗಾಡೀಲಿ ಆಕ್ಸಿಜನ್ ಸಿಲಿಂಡರ್ ಇಟ್ಟಿರ್ತೀವಿ" ಅಂದ. ಏನೂ ಆಗಲ್ಲ ಅಂದರೆ ಸಿಲಿಂಡರ್ ಯಾಕಪ್ಪಾ? ಫೋನ್ ಇಟ್ಟೆ.

ಆಮೇಲೆ ನಾನು ಮಾಡಿದ್ದು ನಮ್ಮ ಒಳ್ಳೆ ಅತಿಥಿಗಳು ಮಾಡೋ ಕೆಲಸ. ಲೇಹ್‌ನ ಒಂದು ಗೆಸ್ಟ್‌ಹೌಸ್ ಹುಡುಕಿ, ನಡೆಸುವ ಹೆಂಗಸಿಗೇ ನೇರ ಫೋನ್ ಮಾಡಿದೆ. ನೋಡಲು ಏನೇನಿದೆ ಅಂತ ಕೇಳಲಿಲ್ಲ, ಅದು ಎಲ್ಲ ಕಡೆ ಸಿಗುತ್ತೆ. ನೆಲಮಹಡಿಯಲ್ಲಿ ರೂಮ್ ಇದೆಯಾ? ಬಿಸಿನೀರು ಎಷ್ಟೊತ್ತಿಗೆ ಬರುತ್ತೆ? ಆಸ್ಪತ್ರೆಗೆ ಗಾಡಿಯಲ್ಲಿ ಎಷ್ಟು ಹೊತ್ತು? ನಿಮ್ಮಲ್ಲಿಗೆ ಬಂದವರಲ್ಲಿ ಹುಷಾರು ತಪ್ಪೋರು ಜಾಸ್ತಿ ಯಾರು, ವಿಮಾನದಲ್ಲಿ ಬಂದವರಾ ರಸ್ತೆಯಲ್ಲಿ ಬಂದವರಾ? ಆಕೆ ನಕ್ಕು ಹಿಂದಿಯಲ್ಲಿ ಹೇಳಿದ್ದು ಇಷ್ಟು: ವಿಮಾನದಲ್ಲಿ ಬಂದವರು ಮೊದಲ ರಾತ್ರಿ ಮಲಗೋದಿಲ್ಲ, ಮನಾಲಿಯಿಂದ ಬಂದವರು ಬರುವಾಗಲೇ ಮುಖ ಬಾಡಿಸಿಕೊಂಡು ಬರುತ್ತಾರೆ, ಶ್ರೀನಗರದಿಂದ ನಿಧಾನವಾಗಿ ಬಂದವರು ಬಂದ ತಕ್ಷಣ ಊಟ ಕೇಳುತ್ತಾರೆ. ನನಗೆ ಬೇಕಾಗಿದ್ದ ಉತ್ತರ ಅದೇ.

ಯಾಕೆ ಹಾಗೆ ಅಂತ ನೋಟ್‌ಬುಕ್ಕಿನಲ್ಲಿ ಎತ್ತರ ಬರೆದಾಗ ಗೊತ್ತಾಯಿತು. ಮನಾಲಿ ದಾರಿಯ ಫೋಟೋಗಳು ತುಂಬಾ ಚೆನ್ನಾಗಿರುತ್ತವೆ. 2020ರ ಅಕ್ಟೋಬರ್‌ನಲ್ಲಿ 9 ಕಿಲೋಮೀಟರ್‌ನ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಹತ್ತುವ ಕಷ್ಟವೂ ತಪ್ಪಿದೆ. ಆದರೆ ಮುಂದಿನದ್ದೇ ತೊಂದರೆ. ದಾಟಬೇಕಾದ ಕಣಿವೆಗಳಲ್ಲಿ ಬಾರಾಲಾಚಾ ಸುಮಾರು 4,890 ಮೀಟರ್, ತಾಂಗ್‌ಲಾಂಗ್ ಲಾ 5,300ಕ್ಕೂ ಮೇಲೆ. ನಡುವೆ ರಾತ್ರಿ ಉಳಿಯಲು ಜನ ಆರಿಸಿಕೊಳ್ಳುವ ಸರ್ಚು 4,290 ಮೀಟರ್ ಹತ್ತಿರ, ಅಂದರೆ ಲೇಹ್‌ಗಿಂತಲೂ ಎತ್ತರ. ಹಗಲಲ್ಲಿ ಕಣಿವೆ ದಾಟಿ ಇಳಿದುಬಿಟ್ಟರೆ ದೇಹ ಹೇಗೋ ಸಹಿಸುತ್ತೆ. ಎತ್ತರದಲ್ಲಿ ಮಲಗಿದಾಗಲೇ ಕಷ್ಟ. ಡಾಕ್ಟರುಗಳು ಹೇಳುವ ಲೆಕ್ಕವೂ ಮಲಗುವ ಜಾಗದ್ದೇ: 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಇದರ ಜೊತೆಗೆ ಆ ದಾರಿಯಲ್ಲಿ ತಾಂಡಿಯಲ್ಲಿ ಪೆಟ್ರೋಲ್ ಹಾಕಿಸಿಕೊಂಡರೆ ಆಮೇಲೆ ನೂರಾರು ಕಿಲೋಮೀಟರ್ ಬಂಕ್ ಇಲ್ಲ. 2023ರ ಜುಲೈನಲ್ಲಿ ಬಿಯಾಸ್ ನದಿ ಮನಾಲಿ ಕಡೆಯ ಹೆದ್ದಾರಿಯನ್ನು ಹೇಗೆ ಕೊಚ್ಚಿಕೊಂಡು ಹೋಯಿತು ಅಂತ ಟೀವಿಯಲ್ಲಿ ನೋಡಿದ್ದೆವು. 2018ರ ಆಗಸ್ಟ್‌ನಲ್ಲಿ ನಮ್ಮ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದದ್ದು ಕಣ್ಣಾರೆ ಕಂಡ ಮೇಲೆ ಅಂಥ ಸುದ್ದಿಯನ್ನು ಸುಮ್ನೆ ಸುದ್ದಿ ಅಂತ ನೋಡಲು ನಮ್ಮ ಕೈಲಿ ಆಗಲ್ಲ.

ಶ್ರೀನಗರದ ದಾರಿ ಸುಮಾರು 420 ಕಿಲೋಮೀಟರ್. ಶ್ರೀನಗರ 1,585 ಮೀಟರ್, ಸೋನಾಮರ್ಗ್ 2,700ರ ಮೇಲೆ ಸ್ವಲ್ಪ, ಕಾರ್ಗಿಲ್ 2,676. ಜೋಜಿಲಾ 3,528 ಮೀಟರ್ ಇದ್ದರೂ ಅಲ್ಲಿ ಮಲಗೋದಿಲ್ಲ, ದಾಟಿ ಇಳಿಯುತ್ತೇವೆ. ಈ ದಾರಿಯ ಅತಿ ಎತ್ತರದ ಜಾಗ ಫೋತು ಲಾ, 4,108. ಅದೂ ಹಗಲಲ್ಲೇ ಮುಗಿಯುತ್ತೆ. ಕಾರ್ಗಿಲ್‌ನಿಂದ ನೇರ ಲೇಹ್‌ಗೆ ಹೋದರೆ 800 ಮೀಟರ್‌ನ ಜಿಗಿತ ಆಗುತ್ತಿತ್ತು. ಅದನ್ನು ಒಡೆಯಲು ಮ್ಯಾಪ್ ಮೇಲೆ ಬೆರಳಿಟ್ಟು ಹುಡುಕಿದಾಗ ಸಿಕ್ಕಿದ್ದು ಆಲ್ಚಿ. ಸಿಂಧೂ ನದಿ ದಡದ ಹಳ್ಳಿ, ಎತ್ತರ ಸುಮಾರು 3,100. ಹಳೇ ಬೌದ್ಧ ಮಠ, ಅಂದರೆ ಗೋಂಪಾ, ಇರುವ ಊರು. ಜನ ಮಧ್ಯಾಹ್ನ ಒಂದು ಗಂಟೆ ನಿಂತು ಮುಂದೆ ಹೋಗುತ್ತಾರೆ, ನಾವು ಅಲ್ಲೇ ಮಲಗೋದು ಅಂತ ಬರೆದೆ.

ಇಷ್ಟಾದರೂ ನಮ್ಮವರು ಒಪ್ಪಿರಲಿಲ್ಲ. ಕೊನೆಗೆ ತೀರ್ಮಾನ ಮಾಡಿದವರು ಮಡಿಕೇರಿಯ ಡಾಕ್ಟರು. ಇಸಿಜಿ ತೆಗೆದರು, ಬಿಪಿ ಮಾತ್ರೆಗಳನ್ನು ನೋಡಿದರು. ವಿಮಾನದಲ್ಲಿ ಹೋಗುವವರಿಗೆ ಸಾಮಾನ್ಯವಾಗಿ ಎತ್ತರದ ಕಾಟ ತಡೆಯುವ ಅಸೆಟಜೋಲಮೈಡ್ ಮಾತ್ರೆಯನ್ನು ಒಂದು ದಿನ ಮುಂಚಿನಿಂದ ಶುರು ಮಾಡಿಸುತ್ತಾರೆ, ಡಯಾಮಾಕ್ಸ್ ಅಂತ ಸಿಗುತ್ತಲ್ಲ, ಅದು. ಮಾತ್ರೆ ಬರೆಯುವ ಮೊದಲು ಸಲ್ಫಾ ಔಷಧಿ ಯಾವತ್ತಾದರೂ ಆಗಿಬರಲಿಲ್ಲವಾ ಅಂತ ಕೇಳಿದರು. ಮಾವ ಅಂಗಿ ತೋಳು ಮೇಲೆತ್ತಿ, ಯಾವುದೋ ಕಾಲದಲ್ಲಿ ಸಲ್ಫಾ ಮಾತ್ರೆ ನುಂಗಿ ಮೈಯೆಲ್ಲ ದದ್ದು ಎದ್ದ ಕಥೆ ಹೇಳಿದರು. "ಹಾಗಾದ್ರೆ ಇದು ಬೇಡ. ನಿಧಾನವಾಗಿ ಹತ್ತಿ, ಅದೇ ಔಷಧಿ" ಅಂದರು ಡಾಕ್ಟರು. ಜೀಪಿನಲ್ಲಿ ಮನೆಗೆ ಬರುವ ತನಕ ಮಾವನ ಮುಖದಲ್ಲಿ ನಗು ಇಳಿದಿರಲಿಲ್ಲ. ಅಲರ್ಜಿ ಇದೆ ಅಂತ ಇಷ್ಟು ಖುಷಿಪಟ್ಟವರನ್ನು ನಾನು ನೋಡಿಲ್ಲ.

ಹೋಗುವಾಗ ರಸ್ತೆ, ಬರುವಾಗ ವಿಮಾನ. ಇಳಿಯುವಾಗ ಎತ್ತರದ ಕಾಟ ಇಲ್ಲ, ಹಾಗಾಗಿ ಬರುವಾಗ ಬೇಗ ಬಂದರೂ ನಡೆಯುತ್ತೆ. ಟಿಕೆಟ್ ತೆಗೆಯುವಾಗ ಎರಡು ವಿಷಯಕ್ಕೆ ಹಟ ಹಿಡಿದೆ. ಲೇಹ್‌ನಿಂದ ದೆಹಲಿ, ದೆಹಲಿಯಿಂದ ಬೆಂಗಳೂರು ಎರಡೂ ಒಂದೇ ಪಿಎನ್‌ಆರ್‌ನಲ್ಲಿ ಇರಬೇಕು. ಬೇರೆ ಬೇರೆ ತೆಗೆದರೆ ಸ್ವಲ್ಪ ಅಗ್ಗ ಆಗುತ್ತಿತ್ತು. ಆದರೆ ಮೊದಲನೆಯದು ಹೊರಡದಿದ್ದರೆ ಎರಡನೆಯದರ ದುಡ್ಡು ಹೋದಂತೆಯೇ. ಲೇಹ್ ವಿಮಾನಗಳು ಹೆಚ್ಚಾಗಿ ಬೆಳಗ್ಗೆಯೇ ಓಡಾಡುವುದು. ನಿಲ್ದಾಣವೇ 3,256 ಮೀಟರ್ ಎತ್ತರದಲ್ಲಿದೆ, ಸುತ್ತ ಬೆಟ್ಟ. ಬಿಸಿಲು ಏರಿದ ಹಾಗೆ ಗಾಳಿ ಇನ್ನೂ ತೆಳುವಾಗುತ್ತೆ, ಮಧ್ಯಾಹ್ನ ಗಾಳಿ ಬೀಸೋಕೆ ಶುರುವಾಗುತ್ತೆ, ಭಾರ ಹೊತ್ತ ವಿಮಾನ ಏಳೋದು ಕಷ್ಟ. ಬೆಳಗ್ಗೆ ಮೋಡ ಕೂತರೆ ಆ ದಿನದ ಹಾರಾಟವೇ ರದ್ದು. ಅದಕ್ಕೆ ಎರಡನೇ ಹಟ, ಮನೆಗೆ ತಲುಪಲೇಬೇಕಾದ ದಿನಕ್ಕೂ ವಿಮಾನದ ದಿನಕ್ಕೂ ನಡುವೆ ಖಾಲಿ ಜಾಗ ಬಿಟ್ಟಿರಬೇಕು.

ಮಗ ನಮ್ಮೂರಿನಿಂದ ರಾತ್ರಿ ಹೊರಟು ಬೆಳಗಿನ ವಿಮಾನ ಹಿಡಿಯೋಣ ಅಂದ. ಆನೆಕಾಡು ದಾಟಿಕೊಂಡು ಹೋಗೋ ರಸ್ತೆ ಅದು. ಹೆಸರಲ್ಲೇ ಇದೆಯಲ್ಲ, ರಾತ್ರಿ ಯಾರು ಎದುರು ನಿಂತಿರ್ತಾರೋ ಹೇಳೋಕಾಗಲ್ಲ. ಹಿಂದಿನ ದಿನ ತಿಂಡಿ ತಿಂದು ಹೊರಟು ದೇವನಹಳ್ಳಿ ಹತ್ತಿರದ ನೆಂಟರ ಮನೆಯಲ್ಲಿ ಉಳಿದೆವು.

ಸಣ್ಣಪುಟ್ಟ ತಯಾರಿಯಲ್ಲಿ ಜನ ಮರೆಯುವುದು ಫೋನು. ಬೇರೆ ರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲೂ ಲಡಾಖ್‌ನಲ್ಲೂ ನಡೆಯೋದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ನನ್ನ ನಂಬರನ್ನು ಕುಶಾಲನಗರದಲ್ಲಿ ಬದಲಾಯಿಸಿಕೊಂಡೆ. ಮಗನಿಗೆ ಬೇಕಂತಲೇ ಹೇಳಲಿಲ್ಲ. ಮನೆಯವರ ಜೊತೆ ಮಾತಾಡಿಕೊಂಡು ಬರಲಿ ಅಂತ. ನೆಟ್‌ವರ್ಕ್ ನಂಬಿಕೊಂಡು ದುಡ್ಡು ಕೊಡಲಾಗಲ್ಲ ಅಂತ ನಗದು ಇಟ್ಟುಕೊಂಡೆವು. ಟ್ರಂಕಿನಿಂದ ತೆಗೆದ ಸ್ವೆಟರ್‌ಗಳೆಲ್ಲ ಬೂಷ್ಟು. ಮಳೆಗಾಲ ಮುಗಿಯುವಾಗ ಕೊಡಗಿನ ಯಾವ ಮನೆಯ ಟ್ರಂಕ್ ತೆಗೆದರೂ ಅದೇ ವಾಸನೆ. ಒಲೆ ಮೇಲೆ ಕಟ್ಟಿ ಒಣಗಿಸಿ, ಹೊಗೆ ವಾಸನೆಯನ್ನೂ ಸೇರಿಸಿಕೊಂಡು ತುಂಬಿಸಿದ್ದಾಯಿತು. ಕಾರ್ಗಿಲ್‌ನಲ್ಲಿ ಕಿಟಕಿಗೆ ಹಾಕಿದರೆ ನೋಡನೋಡುತ್ತಲೇ ಗರಿಗರಿ ಆದವು. ಅಲ್ಲಿನ ಚಳಿ ಒಣ ಚಳಿ. ನಮ್ಮ ಹಾಗೆ ಒದ್ದೆ ಚಳಿ ಅಲ್ಲ. ತುಟಿ, ಮೂಗು ಒಡೆಯುತ್ತೆ, ತೆಂಗಿನೆಣ್ಣೆ ತೆಗೆದುಕೊಂಡು ಹೋಗಿ.

ಶ್ರೀನಗರದ ತನಕ ಹೇಳೋಕೆ ಏನೂ ಇಲ್ಲ. ಅಲ್ಲಿ ಹಿಡಿದ ಟ್ಯಾಕ್ಸಿಯವರು ಮೊದಲೇ ಹೇಳಿದರು, ಲೇಹ್‌ನಲ್ಲಿ ಇಳಿಸಿ ವಾಪಸ್ ಬರ್ತೀನಿ, ಅಲ್ಲಿ ಊರು ಸುತ್ತಿಸೋಕೆ ಅಲ್ಲಿನ ಯೂನಿಯನ್ ಗಾಡಿಯೇ ಆಗಬೇಕು ಅಂತ. ಇದು ಗೊತ್ತಿಲ್ಲದೆ ಹೊರಗಿನ ಬಾಡಿಗೆ ಕಾರು ತಗೊಂಡು ಹೋಗಿ ಜಗಳ ಆಡಿದವರ ಕಥೆಗಳು ಬೇಕಾದಷ್ಟಿವೆ. ಯೂನಿಯನ್ ದರ ಪಟ್ಟಿ ಇರೋದರಿಂದ ಚೌಕಾಸಿ ಮಾಡುವ ತಲೆನೋವು ಇಲ್ಲ, ಅದೊಂದು ಒಳ್ಳೇದು.

ಸೋನಾಮರ್ಗ್‌ನಲ್ಲಿ ಡ್ರೈವರ್ ಮಲಗುವ ಮುಂಚೆ ಟ್ರಾಫಿಕ್ ಪೊಲೀಸರ ಸೂಚನೆ ನೋಡಿದರು. ಜೋಜಿಲಾದಲ್ಲಿ ಯಾವ ಕಡೆಯ ಗಾಡಿಗಳನ್ನು ಯಾವ ಹೊತ್ತಿಗೆ ಬಿಡುತ್ತಾರೆ ಅಂತ ಅದರಲ್ಲಿ ಬರುತ್ತೆ. ಬೆಳಗ್ಗೆ ಬಾಲ್ತಾಲ್ ಮೇಲಿನ ತಿರುವುಗಳಲ್ಲಿ ನಮ್ಮ ಮುಂದೆ ಸೇನೆಯ ಲಾರಿಗಳ ಸಾಲು. ಗಾಡಿ ನಿಂತಿತು. ಎಡಗಡೆ ಕಿಟಕಿಯಲ್ಲಿ ಬಗ್ಗಿ ನೋಡಿದರೆ ಕೆಳಗೆ ನದಿ ದಾರದ ಎಳೆಯಷ್ಟು. ಅತ್ತೆ ಸೆರಗನ್ನು ಕಿಟಕಿ ಗಾಜಿಗೆ ಅಡ್ಡ ಹಿಡಿದುಕೊಂಡು ಕೂತರು. ಮಾವ ಇಳಿದೇ ಬಿಟ್ಟರು. ಬಂಡೆಗೋಡೆ ಪಕ್ಕ ನಿಂತು, ಬೂಟಿನಿಂದ ನೆಲದ ಪುಡಿಮಣ್ಣನ್ನು ಕೆದಕಿ ನೋಡಿದರು. ಮುಂದಿನ ಲಾರಿಯ ಹುಡುಗನೊಬ್ಬ ಅವರನ್ನು ನೋಡಿ, ನಿಂತ ಭಂಗಿಯಲ್ಲೇ ಗುರುತು ಹಿಡಿದನೋ ಏನೋ, "ಕೌನ್ಸೀ ಪಲ್ಟನ್, ಸಾಬ್?" ಅಂತ ಕೇಳಿದ. ಆಮೇಲೆ ಲಾರಿ ಹೊರಡೋ ತನಕ ಇಬ್ಬರದ್ದೂ ಮಾತು ಮುಗಿಯಲಿಲ್ಲ. ಮೇಲೆ ಕಣಿವೆ ಬಾಯಲ್ಲಿ ಗಾಳಿ ಎಷ್ಟಿತ್ತು ಅಂದರೆ ಕಾರಿನ ಬಾಗಿಲು ತೆಗೆಯೋಕೆ ಮಗ ಭುಜ ಕೊಡಬೇಕಾಯಿತು.

ದ್ರಾಸ್‌ನ ಕಾರ್ಗಿಲ್ ಯುದ್ಧ ಸ್ಮಾರಕದಲ್ಲಿ, ತೋಲೋಲಿಂಗ್ ಬೆಟ್ಟ ಎದುರಿಗೆ ಕಾಣುವ ಹಾಗೆ ನಿಂತು, ಗೋಡೆಯ ಮೇಲಿನ ಹೆಸರುಗಳನ್ನು ಮಾವ ಒಂದೊಂದಾಗಿ ಓದಿದರು. ನಾವು ಆತುರ ಮಾಡಲಿಲ್ಲ.

ಆಲ್ಚಿಯಲ್ಲಿ ಉಳಿದದ್ದು ಎತ್ತರದ ಲೆಕ್ಕಕ್ಕೆ. ಆದರೆ ಇಡೀ ಪ್ರಯಾಣದಲ್ಲಿ ಅತ್ತೆ ಮಾತಾಡೋದು ಅಲ್ಲಿಯದ್ದನ್ನೇ. ನಾವಿದ್ದ ಮನೆಯ ಮಾಳಿಗೆ ಮೇಲೆ ಏಪ್ರಿಕಾಟ್ ಹಣ್ಣು ಒಣಹಾಕಿದ್ದರು. ಅತ್ತೆ ಹುಟ್ಟಿದಾಗಿನಿಂದ ಕಾಫಿ ಕಣ ನೋಡಿದವರು. ಹೋಗಿ ಕೂತವರೇ ಒಂದು ಹಣ್ಣು ಎತ್ತಿ ಎರಡು ಬೆರಳಲ್ಲಿ ಒತ್ತಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಇನ್ನೂ ಒಣಗಬೇಕು ಅನ್ನೋ ಹಾಗೆ ತಲೆ ಆಡಿಸಿದರು. ಮನೆಯ ಅಜ್ಜಿ ಬಂದು ಇನ್ನೊಂದು ಮೂಲೆಯದ್ದನ್ನು ತೋರಿಸಿದರು. ಅದು ಸರಿ ಇತ್ತು. ಆಮೇಲೆ ಇಬ್ಬರೂ ಸೇರಿ ಅಂಗೈಯಲ್ಲಿ ಹಣ್ಣು ತಿರುವಿ ಹಾಕಿದರು. ಅತ್ತೆಗೆ ಬರುವ ಹಿಂದಿ ಅಷ್ಟಕ್ಕಷ್ಟೇ, ಆ ಅಜ್ಜಿಗೂ ಹಾಗೇ. ಹೊರಡುವಾಗ ಒಂದು ಚೀಲ ಹಣ್ಣು ಸಿಕ್ಕಿತು. ಅತ್ತೆ ತಮ್ಮ ಚೀಲದಿಂದ ನಮ್ಮ ತೋಟದ ಕರಿಮೆಣಸಿನ ಪೊಟ್ಟಣ ಕೊಟ್ಟರು. ಅದನ್ನು ಯಾವಾಗ ತುಂಬಿಸಿಕೊಂಡಿದ್ದರೋ ನನಗೇ ಗೊತ್ತಿಲ್ಲ.

ಲೇಹ್ ತಲುಪಿದ ದಿನ ಗೆಸ್ಟ್‌ಹೌಸಿನಾಕೆ ಹೇಳಿದ್ದು ನಿಜ ಆಯಿತು. ಮಾವ ಊಟ ಕೇಳಿದರು. ಕೋವಿಡ್ ಕಾಲದ ಆಕ್ಸಿಮೀಟರ್ ತಂದಿದ್ದೆ, ಮಾವನದ್ದು 90, ಅತ್ತೆಯದ್ದು 88. ಅಲ್ಲಿ ಅಷ್ಟಿದ್ದರೆ ಚಿಂತೆ ಇಲ್ಲ. ಹುಷಾರು ತಪ್ಪಿದವನು ಮಗ. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅವನು ಎದ್ದು ಲೇಹ್ ಅರಮನೆಯ ಮೆಟ್ಟಿಲನ್ನು ಓಡಿಕೊಂಡು ಹತ್ತಿ ಬಂದಿದ್ದ. ಸಂಜೆಗೆ ತಲೆ ಸಿಡಿತ, ವಾಂತಿ, ಆಕ್ಸಿಮೀಟರ್ ಎಂಬತ್ತರ ಹತ್ತಿರ. ಗೆಸ್ಟ್‌ಹೌಸಿನಾಕೆಯ ಗಂಡ ಗಾಡಿ ತೆಗೆದರು. ಎಸ್‌ಎನ್‌ಎಂ ಆಸ್ಪತ್ರೆಯಲ್ಲಿ ಸ್ವಲ್ಪ ಹೊತ್ತು ಆಕ್ಸಿಜನ್ ಕೊಟ್ಟು, ಎದೆ ಪರೀಕ್ಷೆ ಮಾಡಿ, ಪುಪ್ಪುಸದಲ್ಲಿ ನೀರಿಲ್ಲ, ನಾಳೆ ಪೂರ್ತಿ ಮಲಗಲಿ ಅಂತ ಕಳಿಸಿದರು.

ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮಾವ ಮೊಮ್ಮಗನಿಗೆ ಪಾಠ ಮಾಡಿದರು. ಎಸ್‌ಎನ್‌ಎಂ ಅಂದರೆ ಸೋನಂ ನೋರ್ಬು ಸ್ಮಾರಕ. ನೋರ್ಬು ಲಡಾಖಿನ ಎಂಜಿನಿಯರ್. 1948ರಲ್ಲಿ ಲೇಹ್ ಕೈಬಿಟ್ಟು ಹೋಗುವ ಹಾಗಿದ್ದಾಗ ಊರಿನವರನ್ನು ಸೇರಿಸಿಕೊಂಡು ವಿಮಾನ ಇಳಿಯಲು ಪಟ್ಟಿ ಮಾಡಿಸಿದವರು. ಆ ವರ್ಷ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಅದರ ಮೇಲೆ ಡಕೋಟಾ ಇಳಿಸಿದರು. ಅಲ್ಲಿಗೆ ಬಂದ ಮೊದಲ ವಿಮಾನ ಅದು. ಪಕ್ಕದಲ್ಲಿ ಕೂತು ಬಂದವರು ತಿಮ್ಮಯ್ಯ. "ಅಂದ್ರೆ ತಾತ, ತಿಮ್ಮಯ್ಯನೂ ಮೊದಲು ವಿಮಾನದಲ್ಲೇ ಬಂದಿದ್ದಾ?" ಅಂದ ಮಗ, ಮೂಗಿನ ಪೈಪು ಸರಿಮಾಡಿಕೊಳ್ಳುತ್ತಾ. ಮಾವ ಸ್ವಲ್ಪ ತಡೆದು "ಅವರು ಬಂದು ಮೆಟ್ಟಿಲು ಹತ್ತೋಕೆ ಓಡ್ಲಿಲ್ಲ" ಅಂದರು.

ಖಾರ್ದುಂಗ್ ಲಾಗೂ ಹೋಗಲಿಲ್ಲ, ಪ್ಯಾಂಗಾಂಗಿಗೂ ಹೋಗಲಿಲ್ಲ. ಹೋಗಿ ಬಂದು ಫೋಟೋ ತೋರಿಸಿಲ್ಲ ಅಂತ ನಾದಿನಿ ಈಗಲೂ ಕೇಳುತ್ತಾಳೆ. ಲೇಹ್ ಊರೇ ನೋಡೋಕೆ ಸಾಕಷ್ಟಿದೆ. ಬೆಳಗ್ಗೆ ಪೇಟೆಯಲ್ಲಿ ಹೆಂಗಸರು ಫುಟ್‌ಪಾತ್ ಮೇಲೆ ಸೊಪ್ಪು, ನೂಲ್‌ಕೋಲು ಇಟ್ಟುಕೊಂಡು ಕೂತಿರುತ್ತಾರೆ, ಅಲ್ಲೇ ಪಕ್ಕದ ತಂದೂರಿನಲ್ಲಿ ರೊಟ್ಟಿ. ಅದನ್ನು ತಿಂದು, ಬಿಸಿಲಲ್ಲಿ ಕೂತು, ಮಾವ ತಾವಿದ್ದ ಬ್ಯಾರಕ್ ಯಾವ ಕಡೆ ಅಂತ ಕೈ ತೋರಿಸುತ್ತಾ ದಿನ ಕಳೆದೆವು. ದುಡ್ಡೂ ಉಳಿಯಿತು.

ಹೊರಡುವ ದಿನ ಬೆಳಗ್ಗೆ ಮೋಡ. ನಿಲ್ದಾಣದಲ್ಲಿ ಜನ ಕಾದರು, ಕೂಗಾಡಿದರು, ಮಧ್ಯಾಹ್ನದ ಹೊತ್ತಿಗೆ ವಿಮಾನ ರದ್ದು ಅಂತ ಹೇಳಿದರು. ನಮ್ಮ ಪಕ್ಕದಲ್ಲಿದ್ದ ಮದುವೆಯಾದ ಹೊಸ ಜೋಡಿಗೆ ಅದೇ ಸಂಜೆ ದೆಹಲಿಯಿಂದ ಬೇರೆ ಟಿಕೆಟ್ ಇತ್ತು, ಬೇರೆ ಕಂಪನಿಯದ್ದು, ಪಾಪ. ನಮ್ಮದು ಒಂದೇ ಪಿಎನ್‌ಆರ್ ಆದ್ದರಿಂದ ಎರಡೂ ಪ್ರಯಾಣ ಮರುದಿನಕ್ಕೆ ಹೋಯಿತು, ಹೆಚ್ಚಿಗೆ ಕಟ್ಟುವ ಹಾಗಿರಲಿಲ್ಲ. ಗೆಸ್ಟ್‌ಹೌಸಿಗೆ ವಾಪಸ್ ಹೋದರೆ ಆಕೆ ನಮ್ಮ ರೂಮಿನ ಹಾಸಿಗೆ ಬಟ್ಟೆಯನ್ನೂ ಬದಲಾಯಿಸಿರಲಿಲ್ಲ. ಮೋಡ ನೋಡಿಯೇ ಬರ್ತೀರಿ ಅಂದುಕೊಂಡೆ ಅಂದರು. ಒಬ್ಬ ಹೋಂಸ್ಟೇಯವಳಾಗಿ ನನಗೆ ತುಂಬಾ ಇಷ್ಟವಾದ ವಿಷಯ ಅದು.

ಈಗ ಆ ದಾರಿಯಲ್ಲಿ ಹೋಗೋರಿಗೆ ಸ್ವಲ್ಪ ಸುಲಭ. ನಾವು ಹೋದಾಗ ಸೋನಾಮರ್ಗ್ ಸುರಂಗ ಇನ್ನೂ ಬಿಟ್ಟಿರಲಿಲ್ಲ. ಆರೂವರೆ ಕಿಲೋಮೀಟರ್‌ನ ಅದು 2025ರ ಜನವರಿ 13ಕ್ಕೆ ಉದ್ಘಾಟನೆ ಆಯಿತು. ಅದರಾಚೆ ಜೋಜಿಲಾ ಅಡಿಯಲ್ಲೇ 13 ಕಿಲೋಮೀಟರ್‌ನ ಇನ್ನೊಂದು ಸುರಂಗ ಕೊರೆಯುತ್ತಿದ್ದಾರೆ. ಮುಗಿದರೆ ವರ್ಷವಿಡೀ ಗಾಡಿ ಓಡುತ್ತವೆ, ಮೇಲಿನ ತಿರುವುಗಳನ್ನು ಯಾರೂ ಹತ್ತಬೇಕಾಗಿಲ್ಲ. ಇದನ್ನು ಪೇಪರಿನಲ್ಲಿ ಓದಿ ಮಾವನಿಗೆ ಹೇಳಿದೆ.

"ಒಳಗಿಂದ ಹೋದ್ರೆ ಏನು ಕಾಣುತ್ತೆ?" ಅಂದರು. "ಅಷ್ಟರೊಳಗೆ ಹೋಗಿ ಬಂದ್ವಲ್ಲ, ಒಳ್ಳೇದಾಯ್ತು ಬಿಡು."